ಮೂಕಿಯ ಮೇಲೆ 48 ಕೆಜಿ

ನಮ್ಮದು ಸಣ್ಣ ಟ್ರೇಲರ್. ಒಳಗೆ ಅಳೆದರೆ 13 ಅಡಿ. ಒಂದೇ ಅಚ್ಚು, ಎರಡೇ ಚಕ್ರ. ಕಾರಿನ ಹಿಂದೆ ಕಟ್ಟಿಕೊಂಡು ಹೊರಟರೆ ಹಾಸಿಗೆ, ಒಲೆ, ಕೂರುವ ಬೆಂಚು ಎಲ್ಲವೂ ಜೊತೆಗೇ ಬರುತ್ತವೆ. ತಂದ ದಿನದಿಂದ ಅದರಲ್ಲಿ ಏನಾದರೊಂದನ್ನು ಬದಲಿಸುತ್ತಲೇ ಇದ್ದೇನೆ. ಕೈಯಲ್ಲಿ ಸ್ಪ್ಯಾನರ್ ಹಿಡಿದು ಅದರೊಳಗೆ ಕೂತರೆ ಹೊತ್ತು ಹೋಗಿದ್ದೇ ಗೊತ್ತಾಗುವುದಿಲ್ಲ.

ಶುರು ಮಾಡಿದ್ದು ಬಲ್ಬುಗಳಿಂದ. ಹಳೆಯವು ಒಂದೊಂದೂ 18 ವ್ಯಾಟ್ ತಿನ್ನುತ್ತಿದ್ದವು. ಎಲ್‌ಇಡಿ ಹಾಕಿದ ಮೇಲೆ ಅದೇ ಬೆಳಕಿಗೆ ಎರಡು ಮೂರು ವ್ಯಾಟ್ ಸಾಕಾಯಿತು. ಆಮೇಲೆ ಚಾವಣಿಯ 14 ಇಂಚಿನ ಚೌಕ ಕಿಂಡಿಗೆ ಫ್ಯಾನ್ ಕೂರಿಸಿದೆ, ನೀರು ಸೋರದ ಹಾಗೆ ಸುತ್ತ ಬ್ಯೂಟೈಲ್ ಟೇಪ್ ಎಂಬ ಅಂಟು ಪಟ್ಟಿ ಒತ್ತಿದೆ. (ಚಾವಣಿಗೆ ಸಿಲಿಕೋನ್ ಮಾತ್ರ ಹಚ್ಚಬೇಡಿ. ಒಮ್ಮೆ ಹಚ್ಚಿದ ಜಾಗಕ್ಕೆ ಮುಂದೆ ಬೇರೆ ಯಾವುದೂ ಸರಿಯಾಗಿ ಅಂಟುವುದಿಲ್ಲ.) ಅದಾದ ಮೇಲೆ 100 ವ್ಯಾಟಿನ ಸೋಲಾರ್ ಪ್ಯಾನಲ್. ಎಲ್ಲವೂ ಚೆನ್ನಾಗೇ ಆದವು.

ನಂತರ ಬ್ಯಾಟರಿಗೆ ಕೈ ಹಾಕಿದೆ.

ಹಳೆಯದು ಸೀಸದ ಬ್ಯಾಟರಿ, 28 ಕೆಜಿ. ಟ್ರೇಲರಿನ ಮುಂದೆ, ಕಾರಿಗೆ ಕೊಂಡಿ ಹಾಕುವ ಕಬ್ಬಿಣದ ಮೂಕಿಯ ಮೇಲೆ ಒಂದು ಡಬ್ಬಿಯಲ್ಲಿ ಕೂತಿತ್ತು. ಎಷ್ಟು ವಿದ್ಯುತ್ ಹಿಡಿಯುತ್ತದೆ ಎಂಬ ಲೆಕ್ಕದಲ್ಲಿ ಹೆಸರಿಗೆ 100 ಆಂಪಿಯರ್ ಅವರ್. ಅರ್ಧಕ್ಕಿಂತ ಜಾಸ್ತಿ ಬಳಸಿದರೆ ಅದರ ಆಯಸ್ಸು ಬೇಗ ಕರಗುತ್ತದೆ. ಅದರ ಬದಲು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ತಂದೆ. ಅದೂ 100 ಆಂಪಿಯರ್ ಅವರ್, ಬಹುಪಾಲು ಪೂರ್ತಿ ಬಳಸಬಹುದು, ತೂಕ 12 ಕೆಜಿ ಅಷ್ಟೇ. ಸೊನ್ನೆ ಡಿಗ್ರಿಗಿಂತ ಕೆಳಗೆ ಇದನ್ನು ಚಾರ್ಜ್ ಮಾಡಬಾರದು. ಅದಕ್ಕೇ ಹೊರಗಿನ ಡಬ್ಬಿ ಬೇಡ ಎಂದು ಒಳಗೆ, ಹಿಂದಿನ ಹಾಸಿಗೆಯ ಕೆಳಗೆ ಇಟ್ಟೆ. ಅಲ್ಲಿ ಜಾಗ ಸುಮ್ನೆ ಖಾಲಿ ಇತ್ತು. ಹಳೆ ಚಾರ್ಜರ್ 13.6 ವೋಲ್ಟಿಗೆ ನಿಲ್ಲುತ್ತಿತ್ತು. ಹೊಸ ಬ್ಯಾಟರಿ ಪೂರ್ತಿ ತುಂಬಲು ಅಷ್ಟು ಸಾಲದು, ಹಾಗಾಗಿ ಅದನ್ನೂ ತೆಗೆದು 14.4 ಕೊಡುವಂಥದ್ದು ಹಾಕಿದೆ.

ಅದೇ ತಿಂಗಳು ಹಿಂದಿನ ಬಂಪರಿಗೆ ಸೈಕಲ್ ರ‍್ಯಾಕ್ ಬಂತು. ರ‍್ಯಾಕ್, ಎರಡು ಸೈಕಲ್ ಸೇರಿ 40 ಕೆಜಿ. ಕಬ್ಬಿಣದ ಚೌಕಟ್ಟಿಗೇ ಬಿಗಿದಿದ್ದೆ, ಅಲುಗಾಡುತ್ತಿರಲಿಲ್ಲ. ಟ್ರೇಲರಿನ ಸ್ವಂತ ತೂಕವೂ ಸೇರಿ ಒಟ್ಟು ಭಾರದ ಮಿತಿ 1000 ಕೆಜಿ ಎಂದು ಬಾಗಿಲ ಪಕ್ಕದ ಪಟ್ಟಿಯಲ್ಲಿ ಬರೆದಿತ್ತು. ನಾವು ಅದಕ್ಕಿಂತ ಎಷ್ಟೋ ಕಡಿಮೆ ಇದ್ದೆವು. ಅಷ್ಟು ನೋಡಿ ನೆಮ್ಮದಿಯಾಗಿದ್ದೆ.

ಇಷ್ಟೆಲ್ಲ ಬದಲಿಸಿದ ಮೇಲಿನ ಮೊದಲ ಪ್ರಯಾಣದಲ್ಲೇ ನನ್ನ ತಪ್ಪು ಕಾಣಿಸಿತು. ಉದ್ದನೆಯ ಇಳಿಜಾರು, ಗಂಟೆಗೆ 85 ಕಿ.ಮೀ. ವೇಗ. ದೊಡ್ಡ ಲಾರಿಯೊಂದು ನಮ್ಮನ್ನು ದಾಟಿ ಹೋಯಿತು. ಅದರ ಗಾಳಿ ಟ್ರೇಲರನ್ನು ಪಕ್ಕಕ್ಕೆ ತಳ್ಳಿತು. ಮುಂಚೆ ಇಂಥ ತಳ್ಳಾಟಕ್ಕೆ ಒಮ್ಮೆ ಅಲುಗಿ ನಿಲ್ಲುತ್ತಿತ್ತು. ಈ ಸಲ ನಿಲ್ಲಲಿಲ್ಲ. ಎಡಕ್ಕೆ ಹೋಯಿತು, ಬಲಕ್ಕೆ ಬಂತು, ಮತ್ತೆ ಎಡಕ್ಕೆ ಇನ್ನೂ ಜಾಸ್ತಿ. ಕಾರಿನ ಹಿಂಭಾಗವನ್ನು ಯಾರೋ ಹಿಡಿದು ಜಗ್ಗಿದ ಹಾಗಿತ್ತು. ಕನ್ನಡಿಯಲ್ಲಿ ಒಮ್ಮೆ ಈ ಸೈಕಲ್ಲಿನ ಚಕ್ರ ಕಾಣುತ್ತಿತ್ತು, ಮರುಕ್ಷಣ ಆ ಸೈಕಲ್ಲಿನದು.

"ಅಪ್ಪಾ!" ಎಂದಳು ಪಕ್ಕದಲ್ಲಿದ್ದ ಮಗಳು. ಅಷ್ಟೇ, ಮತ್ತೇನೂ ಹೇಳಲಿಲ್ಲ.

ಕಾರಿನ ಬ್ರೇಕ್ ಒತ್ತಬಾರದು ಎಂಬುದೊಂದು ನೆನಪಿತ್ತು. ಹಾಗೆ ಒತ್ತಿದರೆ ಟ್ರೇಲರ್ ಹಿಂದಿನಿಂದ ಕಾರನ್ನು ತಳ್ಳಿ ಮಡಚಿಹಾಕುತ್ತದೆ. ಓಲಾಟಕ್ಕೆ ಎದುರಾಗಿ ಸ್ಟೇರಿಂಗ್ ತಿರುಗಿಸಲೂ ಬಾರದು. ಅದನ್ನು ನೇರ ಹಿಡಿದೆ, ಆಕ್ಸಿಲರೇಟರಿನಿಂದ ಕಾಲು ತೆಗೆದೆ, ಟ್ರೇಲರಿನ ಬ್ರೇಕನ್ನಷ್ಟೇ ಹಿಡಿಸುವ ಸಣ್ಣ ಗುಂಡಿ ಒತ್ತಿದೆ. ವೇಗ 60ಕ್ಕೆ ಇಳಿಯುತ್ತಿದ್ದ ಹಾಗೆ ಓಲಾಟ ನಿಂತಿತು. ಎಲ್ಲ ಸೇರಿ ಏಳೆಂಟು ಸೆಕೆಂಡ್ ಇರಬಹುದು. ರಸ್ತೆ ಪಕ್ಕ ನಿಲ್ಲಿಸಿದಾಗ ನನ್ನ ಕೈ ನಡುಗುತ್ತಿದ್ದವು. ಉಳಿದ ದಾರಿಯನ್ನು 60ರಲ್ಲೇ ಬಂದೆವು.

ದಾರಿಯಲ್ಲಿ ಸಿಕ್ಕ ವೇಬ್ರಿಡ್ಜಿನಲ್ಲಿ ಟ್ರೇಲರನ್ನಷ್ಟೇ ಬಿಚ್ಚಿ ತೂಗಿಸಿದೆವು. 870 ಕೆಜಿ. ಮಿತಿಯೊಳಗೇ ಇತ್ತು. ಹಾಗಾದರೆ ಭಾರ ಎಷ್ಟು ಎಂಬುದಲ್ಲ, ಎಲ್ಲಿ ಎಂಬುದನ್ನು ನೋಡಬೇಕಿತ್ತು.

ಎತ್ತಿನ ಗಾಡಿ ಹೊಡೆದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಹೇರು ಹಿಂದಾದರೆ ಮೂಕಿ ಮೇಲೇಳುತ್ತದೆ, ತೀರಾ ಮುಂದಾದರೆ ಎತ್ತಿನ ಕುತ್ತಿಗೆ ಬೀಳುತ್ತದೆ. ಟ್ರೇಲರಿಗೂ ಅದೇ ಮಾತು. ಕಾರಿನ ಕೊಂಡಿಯ ಮೇಲೆ ಒಟ್ಟು ಭಾರದ ಶೇಕಡಾ 10ರಿಂದ 15ರಷ್ಟು ಕೂತಿರಬೇಕು ಎಂಬುದು ನಮ್ಮಂಥ ಟ್ರೇಲರುಗಳಿಗೆ ಹೇಳುವ ಲೆಕ್ಕ. ಯುರೋಪಿನ ಕ್ಯಾರವಾನ್‌ಗಳಿಗೆ ಹೇಳುವುದು ಇದಕ್ಕಿಂತ ಕಡಿಮೆ, ಸಾಮಾನ್ಯವಾಗಿ 5ರಿಂದ 7. ಅವುಗಳ ಕಟ್ಟೋಣವೇ ಬೇರೆ. ಹಾಗಾಗಿ ನಿಮ್ಮ ಟ್ರೇಲರಿನ ಕೈಪಿಡಿಯನ್ನೂ ಕಾರಿನ ಕೊಂಡಿ ತಡೆಯುವ ಭಾರವನ್ನೂ ನೋಡಿಯೇ ಮುಂದುವರಿಯಿರಿ.

ಮರುದಿನ ಬೆಳಿಗ್ಗೆ ಮಗಳೂ ನಾನೂ ಅಳೆಯಲು ಕೂತೆವು. ದಾರಿಯಿಂದ ಬಂದದ್ದು ಬಂದ ಹಾಗೇ ಇತ್ತು, ಒಂದು ಪಾತ್ರೆಯನ್ನೂ ಇಳಿಸಿರಲಿಲ್ಲ. ಟ್ರೇಲರನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ ಚಕ್ರಗಳಿಗೆ ಎರಡೂ ಕಡೆ ಮರದ ತುಂಡು ಒತ್ತು ಕೊಟ್ಟೆ. ಮನೆಯಲ್ಲಿ ನಾವು ತೂಕ ನೋಡಿಕೊಳ್ಳುವ ಯಂತ್ರವನ್ನು ಮೂಕಿಯ ತುದಿಯ ಕೆಳಗಿಟ್ಟೆ. ಅದರ ಮೇಲೆ ಒಂದು ಹಲಗೆ, ಹಲಗೆಯ ಮೇಲೆ ಒಂದು ಮರದ ಕಂಬ. ಕಾರಿಗೆ ಕಟ್ಟಿದಾಗ ಕೊಂಡಿ ಎಷ್ಟು ಎತ್ತರದಲ್ಲಿರುತ್ತದೋ ಅಷ್ಟೇ ಎತ್ತರಕ್ಕೆ ಕಂಬ ಕೊಯ್ದಿದ್ದೆ. ಮೂಗು ಮೇಲಾದರೂ ಕೆಳಗಾದರೂ ಲೆಕ್ಕ ತಪ್ಪುತ್ತದೆ. ಆಮೇಲೆ ಮುಂದಿನ ಜ್ಯಾಕಿನ ಹಿಡಿಕೆಯನ್ನು ನಿಧಾನವಾಗಿ ತಿರುಗಿಸಿದೆ. ಜ್ಯಾಕಿನ ಕಾಲು ನೆಲ ಬಿಟ್ಟು ಒಂದು ಬೆರಳು ಮೇಲೆದ್ದಿತು. ಕಂಬ ಕಿರ್ ಎಂದಿತು. ಮಗಳು ನೆಲಕ್ಕೆ ಕೆನ್ನೆ ತಾಗಿಸಿ ಯಂತ್ರದ ಅಂಕಿ ಓದಿದಳು.

"ಐವತ್ಮೂರು."

ಹಲಗೆ, ಕಂಬದ 5 ಕೆಜಿ ಕಳೆದರೆ 48. ಶೇಕಡಾ 6 ಕೂಡ ಇಲ್ಲ. ನಾನು ಎದ್ದು ನಿಂತು ಟ್ರೇಲರನ್ನು ಸುಮ್ಮನೆ ನೋಡಿದೆ. ಈ ಬಂಡಿಯನ್ನು ನಾನು ಮಗಳನ್ನು ಕೂರಿಸಿಕೊಂಡು ಇಳಿಜಾರಿನಲ್ಲಿ ಓಡಿಸಿದ್ದೆ.

(ನಿಮ್ಮ ಯಂತ್ರ ಅಷ್ಟು ಭಾರ ತಡೆಯದಿದ್ದರೆ ಗಟ್ಟಿ ಹಲಗೆಯ ಒಂದು ತುದಿಯನ್ನು ಇಟ್ಟಿಗೆ ಮೇಲೂ ಇನ್ನೊಂದನ್ನು ಯಂತ್ರದ ಮೇಲೂ ಇಡಿ. ಇಟ್ಟಿಗೆಯಿಂದ ಮೂರನೇ ಒಂದು ಪಾಲು ದೂರದಲ್ಲಿ ಮೂಕಿಯ ತುದಿ ಕೂರಲಿ. ಹಲಗೆಯಷ್ಟೇ ಇದ್ದಾಗ ಬಂದ ಅಂಕಿಯನ್ನು ಕಳೆದು, ಉಳಿದದ್ದನ್ನು 3ರಿಂದ ಗುಣಿಸಿದರೆ ನಿಜವಾದ ಭಾರ.)

ಇಷ್ಟೊಂದು ಹೇಗೆ ಇಳಿಯಿತು? ಕಾಗದ ತೆಗೆದುಕೊಂಡು ಕೂತೆವು. ಟ್ರೇಲರ್ ಒಂದು ತಕ್ಕಡಿ, ಅಚ್ಚು ಅದರ ನಡುವಿನ ಮುಳ್ಳು. ಅಚ್ಚಿನಿಂದ ಕೊಂಡಿಗೆ ನಮ್ಮಲ್ಲಿ 3 ಮೀಟರ್. ಯಾವ ವಸ್ತುವೇ ಇರಲಿ, ಅದರ ತೂಕವನ್ನು ಅಚ್ಚಿನಿಂದ ಅದಕ್ಕಿರುವ ದೂರದಿಂದ ಗುಣಿಸಿ 3ರಿಂದ ಭಾಗಿಸಿದರೆ ಕೊಂಡಿಯ ಮೇಲೆ ಅದರ ಪಾಲು ಸಿಗುತ್ತದೆ. ಅಚ್ಚಿನ ಮುಂದಿದ್ದರೆ ಕೂಡು, ಹಿಂದಿದ್ದರೆ ಕಳೆ. ಹಳೆ ಬ್ಯಾಟರಿ ಅಚ್ಚಿಗಿಂತ ಎರಡೂವರೆ ಮೀಟರ್ ಮುಂದಿತ್ತು. ಅದನ್ನು ತೆಗೆದದ್ದಕ್ಕೇ 23 ಕೆಜಿ ಹೋಯಿತು. ಹೊಸದನ್ನು ಹಿಂದೆ ಇಟ್ಟದ್ದಕ್ಕೆ ಇನ್ನೂ 5. ಬಂಪರಿನ ಸೈಕಲ್‌ಗಳಿಗೆ 29. ಒಟ್ಟು 57. ಅಂದರೆ ನಾನು ಕೈ ಹಾಕುವ ಮೊದಲು ಕೊಂಡಿಯ ಮೇಲೆ 105 ಕೆಜಿ ಇತ್ತು. ನನಗೆ ಜಾಸ್ತಿ ನೋವಾದದ್ದು ಬ್ಯಾಟರಿಯ ಲೆಕ್ಕ ನೋಡಿ. 16 ಕೆಜಿ ಉಳಿಸಿದೆ ಎಂದು ಅಷ್ಟು ಖುಷಿಪಟ್ಟಿದ್ದೆ.

"ಮುಂದೆ ಇನ್ನೊಂದಿಷ್ಟು ಭಾರ ಇಟ್ಟರೆ ಸರಿಯಾಗಲ್ವಾ ಅಪ್ಪ?" ಎಂದು ಮಗಳು ಕೇಳಿದಳು.

ಒಳ್ಳೆಯ ಪ್ರಶ್ನೆ. ತೂಕದ ಯಂತ್ರ ನೋಡಿದರೆ ಸರಿಯಾದ ಹಾಗೇ ಕಾಣುತ್ತದೆ. ನಾನು ಪೊರಕೆಯ ಉದ್ದ ಕೋಲು ತೆಗೆದು, ಅದರ ಎರಡು ತುದಿಗೂ ತುಂಬಿದ ನೀರಿನ ಬಾಟಲಿ ಕಟ್ಟಿಕೊಟ್ಟೆ. ನಡುವೆ ಹಿಡಿದು ಅತ್ತಿತ್ತ ತಿರುಗಿಸು, ತಟ್ಟನೆ ನಿಲ್ಲಿಸು ಎಂದೆ. ತಿರುಗಿಸಿದಳು. ನಿಲ್ಲಿಸಲು ಹೋದಾಗ ಕೋಲು ಅವಳ ಮಣಿಕಟ್ಟನ್ನೇ ಎಳೆದುಕೊಂಡು ಹೋಯಿತು. ಆಮೇಲೆ ಅವೇ ಎರಡು ಬಾಟಲಿಗಳನ್ನು ಕೈಯ ಹತ್ತಿರಕ್ಕೆ ಜಾರಿಸಿ ಕಟ್ಟಿದೆ. ಈಗ ಎಲ್ಲಿ ಬೇಕೋ ಅಲ್ಲಿ ನಿಂತಿತು. ತೂಕ ಅಷ್ಟೇ, ಸಮತೋಲವೂ ಅಷ್ಟೇ. ತುದಿಗಳಲ್ಲಿ ಭಾರ ಹೇರಿದ ಟ್ರೇಲರ್ ಒಮ್ಮೆ ಓಲಾಡಲು ಶುರುವಾದರೆ ಬೇಗ ನಿಲ್ಲುವುದಿಲ್ಲ. ಭಾರದ ಸಾಮಾನು ಅಚ್ಚಿನ ಹತ್ತಿರ, ಸ್ವಲ್ಪ ಮುಂದಕ್ಕೆ, ನೆಲಕ್ಕೆ ತಗ್ಗಾಗಿ ಇರಬೇಕು.

ಮಗಳು ಕೋಲನ್ನು ಇನ್ನೂ ನಾಲ್ಕು ಸಲ ತಿರುಗಿಸಿ ನೋಡಿದಳು. ಆಮೇಲೆ ತಾನೇ ಹೋಗಿ ಸೈಕಲ್ ಬಿಚ್ಚತೊಡಗಿದಳು.

ರ‍್ಯಾಕನ್ನು ಪೂರ್ತಿ ತೆಗೆದೆವು. ಸೈಕಲ್ ಇನ್ನು ಕಾರಿನ ಮೇಲೆ. 15 ಕೆಜಿಯ ಟೂಲ್ ಪೆಟ್ಟಿಗೆ ಹಿಂದಿನ ಗೂಡಿನಿಂದ ಮುಂದಿನ ಬೆಂಚಿನ ಕೆಳಗೆ ಬಂತು. ಬ್ಯಾಟರಿಯೂ ಅಲ್ಲಿಗೇ, ಅಚ್ಚಿಗಿಂತ ಒಂದೂವರೆ ಮೀಟರ್ ಮುಂದೆ.

ಮಧ್ಯಾಹ್ನವೆಲ್ಲ ಬ್ಯಾಟರಿಗೇ ಹೋಯಿತು. ಮೊದಲು ಸೋಲಾರ್ ಪ್ಯಾನಲಿನ ತಂತಿ ಬಿಚ್ಚಬೇಕು, ಆಮೇಲೆ ಬ್ಯಾಟರಿಯದು. ಜೋಡಿಸುವಾಗ ಇದಕ್ಕೆ ತಿರುವುಮುರುವು. ಬ್ಯಾಟರಿ ಇಲ್ಲದೆ ಪ್ಯಾನಲ್ ಒಂದನ್ನೇ ಕೊಟ್ಟರೆ, ಪ್ಯಾನಲಿನಿಂದ ಬ್ಯಾಟರಿಗೆ ಹೋಗುವ ವಿದ್ಯುತ್ತನ್ನು ಹದದಲ್ಲಿಡುವ ಚಾರ್ಜ್ ಕಂಟ್ರೋಲರ್ ಕೆಡಬಹುದು. ಬೆಂಚಿನ ಕೆಳಗಿನ ನೆಲ 12 ಮಿ.ಮೀ. ಪ್ಲೈವುಡ್. ಬರೀ ಸ್ಕ್ರೂ ಹಾಕಿದರೆ ಕುಲುಕಾಟಕ್ಕೆ ಕಿತ್ತು ಬರುತ್ತದೆ. ಆರಪಾರ ಬೋಲ್ಟ್ ಬೇಕು. ಟಾರ್ಚ್ ಹಿಡಿದು ಟ್ರೇಲರಿನ ಕೆಳಗೆ ಅಂಗಾತ ಮಲಗಿದೆ. ಗ್ಯಾಸಿನ ಪೈಪು ಎಲ್ಲಿ ಹೋಗಿದೆ, ಬ್ರೇಕಿನ ತಂತಿ ಎಲ್ಲಿದೆ ಎಂದು ನೋಡಿ ಸೀಮೆಸುಣ್ಣದಲ್ಲಿ ಗುರುತು ಹಾಕಿದೆ. ನಾನು ತೂತು ಕೊರೆಯಬೇಕೆಂದಿದ್ದ ಒಂದು ಜಾಗಕ್ಕೂ ಗ್ಯಾಸ್ ಪೈಪಿಗೂ ನಡುವೆ ಎರಡು ಬೆರಳಷ್ಟೂ ಅಂತರ ಇರಲಿಲ್ಲ. ಬ್ಯಾಟರಿಯನ್ನು ಒಂದು ಗೇಣು ಪಕ್ಕಕ್ಕೆ ಸರಿಸಿದೆ.

ನಾಲ್ಕು ತೂತು, ನಾಲ್ಕು 8 ಮಿ.ಮೀ. ಬೋಲ್ಟ್. ಮೇಲೆ ಅಲ್ಯೂಮಿನಿಯಂ ಪಟ್ಟಿ, ಕೆಳಗೆ ಅಗಲ ವಾಷರ್, ಸಡಿಲವಾಗದ ಹಾಗೆ ನೈಲಾನ್ ಬಳೆಯ ನಟ್. ಚಕ್ರ ಎರಚುವ ನೀರು ಪ್ಲೈವುಡ್ಡಿಗೆ ಇಳಿಯದಿರಲಿ ಎಂದು ತೂತಿನ ಸುತ್ತ ಸೀಲಂಟ್ ತುಂಬಿದೆ. ಬಿಗಿದ ಮೇಲೆ ಪ್ರತಿ ನಟ್ಟಿನಿಂದ ವಾಷರಿಗೆ ಬಿಳಿ ಬಣ್ಣದ ಒಂದು ಗೀಟು ಎಳೆದೆ. ಮುಂದೆ ಯಾವಾಗ ಬಗ್ಗಿ ನೋಡಿದರೂ ಗೀಟು ಮುರಿದಿದ್ದರೆ ನಟ್ ತಿರುಗಿದೆ ಎಂದು ಗೊತ್ತಾಗುತ್ತದೆ. ಬ್ಯಾಟರಿಯ ಪ್ಲಸ್ ಪಕ್ಕದಲ್ಲೇ, ಒಂದು ಗೇಣಿನೊಳಗೆ ಫ್ಯೂಸ್ ಕೂರಿಸಿದೆ. ಫ್ಯೂಸ್ ದೂರ ಇದ್ದರೆ ಅಲ್ಲಿಯವರೆಗಿನ ಕೇಬಲಿಗೆ ಕಾವಲೇ ಇರುವುದಿಲ್ಲ, ಉಜ್ಜಿ ಚೌಕಟ್ಟಿಗೆ ತಾಗಿದರೆ ಬೆಂಕಿ.

ಹೀಗೆ ಸರಿಸಿದ್ದರಿಂದ ಇನ್ನೊಂದು ಲಾಭ ಆಯಿತು. ನಮ್ಮ ಟ್ರೇಲರಿನ ಫ್ಯೂಸ್ ಬಾಕ್ಸ್ ಇರುವುದು ಅದೇ ಬೆಂಚಿನ ಕೆಳಗೆ. 3 ಮೀಟರ್ ಇದ್ದ ದಪ್ಪ ಕೇಬಲ್ ಈಗ 1 ಮೀಟರ್ ಸಾಕು. 12 ವೋಲ್ಟಿನಲ್ಲಿ ಕೇಬಲ್ ಗಿಡ್ಡವಾದಷ್ಟೂ ಒಳ್ಳೆಯದು.

ಸಂಜೆ ಮತ್ತೆ ಕಂಬ, ಹಲಗೆ, ಯಂತ್ರ. ಮಗಳು ಮತ್ತೆ ಕೆನ್ನೆ ಊರಿದಳು. 5 ಕಳೆದು 103. ಟ್ರೇಲರಿನ ಒಟ್ಟು ಭಾರ ಈಗ 830, ಅದರಲ್ಲಿ ಶೇಕಡಾ 12ಕ್ಕಿಂತ ಸ್ವಲ್ಪ ಜಾಸ್ತಿ. ಕಾಗದದ ಲೆಕ್ಕದಲ್ಲೂ 103 ಎಂದೇ ಬಂದಿತ್ತು. ಇಬ್ಬರಿಗೂ ಆದ ಖುಷಿ ಅಷ್ಟಿಷ್ಟಲ್ಲ. ಕತ್ತಲಾಗುವ ಮೊದಲು ನೀರಿನ ಟ್ಯಾಂಕ್ ತುಂಬಿಸಿಯೂ ನೋಡಿದೆವು. 45 ಲೀಟರ್ ಅಂದರೆ 45 ಕೆಜಿ, ಅದು ಅಚ್ಚಿನ ಸ್ವಲ್ಪ ಹಿಂದಿದೆ. ಕೊಂಡಿಯ ಭಾರ 94ಕ್ಕೆ ಇಳಿಯಿತು. ಆಗಲೂ 10ರ ಮೇಲೇ ಇದೆ.

ಎರಡು ವಾರದ ನಂತರ ಅದೇ ಇಳಿಜಾರಿಗೆ ಹೋದೆವು. 75ರ ಮೇಲೆ ಓಡಿಸಲಿಲ್ಲ. ಇನ್ನು ಮುಂದೆಯೂ ಓಡಿಸುವುದಿಲ್ಲ. ಲಾರಿಗಳು ದಾಟಿದವು, ಟ್ರೇಲರ್ ಒಂದು ಸಲ ಭುಜ ಕುಣಿಸಿ ನಿಂತಿತು. ನನ್ನ ಕಣ್ಣು ಮಾತ್ರ ಕನ್ನಡಿ ಬಿಟ್ಟು ಕದಲಲಿಲ್ಲ.

ಈಗ ಬೆಂಚಿನ ಬಾಗಿಲ ಒಳಮೈಯಲ್ಲಿ ಪೆನ್ಸಿಲಿನಿಂದ ಗೀಟೆಳೆದ ಒಂದು ಪಟ್ಟಿ ಇದೆ. ಏನು ವಸ್ತು, ಎಷ್ಟು ಕೆಜಿ, ಅಚ್ಚಿನಿಂದ ಎಷ್ಟು ದೂರ, ಕೊಂಡಿಗೆ ಎಷ್ಟು ಕೂಡಿತು ಅಥವಾ ಕಳೆಯಿತು. ಹೊಸದಾಗಿ ಏನೇ ಹಾಕುವುದಿದ್ದರೂ ಮೊದಲು ಅಲ್ಲಿ ಬರೆಯುತ್ತೇವೆ, ಡ್ರಿಲ್ ಆಮೇಲೆ. ಬಿಸಿಲಿಗೆ ಪಕ್ಕದಲ್ಲಿ ಮೇಲ್ಕಟ್ಟು ಕಟ್ಟಬೇಕೆಂಬ ನನ್ನ ಆಸೆ ಅದರಲ್ಲಿ 14 ಕೆಜಿ ಎಂದು ಬರೆಸಿಕೊಂಡು ಕಾಯುತ್ತಿದೆ. ಅದರ ಕೆಳಗೆ ಮಗಳು ಟೇಪು ಹಿಡಿದು ಅಳೆದು, ತನ್ನ ಕೈಯಾರೆ ಬರೆದ ಸಾಲಿದೆ: ಪುಸ್ತಕದ ಗೂಡು, 4 ಕೆಜಿ, ಅಚ್ಚಿನ ನೇರ ಮೇಲೆ, ಸೊನ್ನೆ.