ದೂರು ಕೊಟ್ಟವರ ಹೆಸರು

ನನ್ನ ಗೆಳತಿಯೊಬ್ಬಳು ನೃತ್ಯಾಭ್ಯಾಸದ ವಿಡಿಯೋಗಳನ್ನು ಮಾಡಿ, ತಿಂಗಳ ಚಂದಾ ಕಟ್ಟಿದವರಿಗೆ ಮಾತ್ರ ಕಾಣುವಂತೆ ಆನ್‌ಲೈನ್‌ನಲ್ಲಿ ಹಾಕುತ್ತಾಳೆ. ವಿಡಿಯೋದಲ್ಲಿ ಮುಖ ಕಾಣುತ್ತದೆ, ಆದರೆ ಅಲ್ಲಿರುವ ಹೆಸರು ಆಕೆಯೇ ಇಟ್ಟುಕೊಂಡದ್ದು. ಆ ಹೆಸರಿನ ಹಿಂದೆ ಯಾರಿದ್ದಾರೆಂಬುದು ಮನೆಯವರಿಗೂ ಹತ್ತಿರದ ಕೆಲವರಿಗೂ ಬಿಟ್ಟರೆ ಬೇರೆ ಯಾರಿಗೂ ತಿಳಿದಿಲ್ಲ. ವಿಡಿಯೋ ಸಂಕಲನ ಮತ್ತು ಖಾತೆಯ ಭದ್ರತೆ ನನ್ನ ಪಾಲಿನ ಕೆಲಸ. ಒಂದು ಬೆಳಿಗ್ಗೆ ಹಳೆಯ ಚಂದಾದಾರರೊಬ್ಬರು ಆಕೆಗೆ ಒಂದು ಲಿಂಕ್ ಕಳುಹಿಸಿ, ಇವು ನಿಮ್ಮ ವಿಡಿಯೋಗಳೇ ಅಲ್ಲವೇ ಎಂದು ಕೇಳಿದ್ದರು. ತೆರೆದು ನೋಡಿದರೆ, ದುಡ್ಡು ಕೊಟ್ಟು ನೋಡಬೇಕಾದ ಸಾಮಗ್ರಿಯನ್ನೆಲ್ಲ ಪುಕ್ಕಟೆ ಹಂಚುವುದಕ್ಕೆಂದೇ ಇರುವ ತಾಣವೊಂದರಲ್ಲಿ ಆಕೆಯ ಹೆಸರಿನದೇ ಒಂದು ಪುಟವಿತ್ತು.

ಆಕೆಗೆ ಮೊದಲು ಬಂದದ್ದು ಸಿಟ್ಟು. ಆ ಪುಟದ ಕೆಳಗೇ ನಾಲ್ಕು ಮಾತು ಬರೆಯುತ್ತೇನೆಂದು ಹೊರಟವಳನ್ನು ನಾನು ತಡೆದೆ. ಒಡತಿ ನೋಡುತ್ತಿದ್ದಾಳೆಂದು ಗೊತ್ತಾದ ಕೂಡಲೇ ಅಂಥವರು ಪುಟವನ್ನು ಬೇರೆ ವಿಳಾಸಕ್ಕೆ ಸಾಗಿಸಿಬಿಡುತ್ತಾರೆ, ಆಮೇಲೆ ತೋರಿಸುವುದಕ್ಕೆ ನಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ಆದ್ದರಿಂದ ಪ್ರತಿಯೊಂದು ಪುಟದ ಪೂರ್ಣ ವಿಳಾಸ, ದಿನಾಂಕ ಮತ್ತು ವೇಳೆ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಟ್ಟೆವು. ಪಕ್ಕದಲ್ಲಿ ಅದೇ ವಿಡಿಯೋದ ಮೂಲ ಕಡತವನ್ನೂ ಅದನ್ನು ಆಕೆ ಪ್ರಕಟಿಸಿದ ದಿನವನ್ನೂ ಬರೆದುಕೊಂಡೆವು. ಬೇಸರದ ಕೆಲಸವೇ ಆದರೂ ಅಂದು ಮಾಡಿದ್ದರಲ್ಲಿ ಹೆಚ್ಚು ಉಪಯೋಗಕ್ಕೆ ಬಂದದ್ದು ಅದೇ.

ಹಂಚಿದವರು ಯಾರೆಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು. ಆಕೆಯ ವೇದಿಕೆಯು ವಿಡಿಯೋ ನೋಡುತ್ತಿರುವವರ ಖಾತೆಯ ಹೆಸರನ್ನು ಮೂಲೆಯಲ್ಲಿ ಮಸುಕಾದ ವಾಟರ್‌ಮಾರ್ಕ್ ಆಗಿ ಮೂಡಿಸುತ್ತದೆ. ಸೋರಿದ ಪ್ರತಿಗಳಲ್ಲಿ ಆ ಮೂಲೆಯನ್ನೇ ಕತ್ತರಿಸಿದ್ದರು. ಒಂದರಲ್ಲಿ ಮಾತ್ರ ಹೆಸರಿನ ಅರ್ಧ ಭಾಗ ಉಳಿದಿತ್ತು. "ಇವನೇ ಕಣೇ, ನನಗೆ ಗೊತ್ತು" ಎಂದು ಆಕೆ ಒಂದು ಖಾತೆಯತ್ತ ಬೆರಳು ತೋರಿಸಿದಳು. ನಾನು ಒಪ್ಪಲಿಲ್ಲ. ವಾಟರ್‌ಮಾರ್ಕ್ ಹೇಳುವುದು ಖಾತೆ ಯಾವುದೆಂದೇ ಹೊರತು ಅದರ ಮುಂದೆ ಕುಳಿತಿದ್ದವರು ಯಾರೆಂದಲ್ಲ. ಪಾಸ್‌ವರ್ಡ್ ಹಂಚಿಕೊಂಡಿರಬಹುದು, ಕದ್ದಿರಬಹುದು. ಖಾತೆಯ ವಿವರವನ್ನು ವೇದಿಕೆಗೆ ಕೊಟ್ಟು ವಿಚಾರಣೆಯನ್ನು ಅವರಿಗೇ ಬಿಟ್ಟೆವು. ಚಂದಾದಾರರೆಲ್ಲರ ಎದುರು ಒಬ್ಬರ ಮೇಲೆ ಆರೋಪ ಹೊರಿಸಿದ್ದರೆ, ಸೋರಿಕೆಗೆ ಸಂಬಂಧವೇ ಇಲ್ಲದವರನ್ನೂ ಆಕೆ ಕಳೆದುಕೊಳ್ಳುತ್ತಿದ್ದಳು.

ಇಂಥ ಸೋರಿಕೆಯನ್ನು ತಂತ್ರಜ್ಞಾನದಿಂದಲೇ ತಡೆಯಬಾರದೇಕೆ ಎಂದು ಹಲವರು ಕೇಳುತ್ತಾರೆ. ಗೂಗಲ್‌ನ ವೈಡ್‌ವೈನ್, ಆ್ಯಪಲ್‌ನ ಫೇರ್‌ಪ್ಲೇ ಮುಂತಾದ ವ್ಯವಸ್ಥೆಗಳು ವಿಡಿಯೋವನ್ನು ಗೂಢಲಿಪಿಯಲ್ಲಿ ಕಳುಹಿಸುತ್ತವೆ, ಹಲವು ಸಾಧನಗಳಲ್ಲಿ ಸ್ಕ್ರೀನ್ ರೆಕಾರ್ಡ್ ಮಾಡಹೊರಟವರಿಗೆ ಕಪ್ಪು ಪರದೆಯನ್ನಷ್ಟೇ ಕೊಡುತ್ತವೆ. ಆದರೆ ಪರದೆಯ ಎದುರು ಇನ್ನೊಂದು ಕ್ಯಾಮೆರಾ ಹಿಡಿದು ನಿಂತವರನ್ನು ಯಾವ ಗೂಢಲಿಪಿಯೂ ತಡೆಯಲಾರದು.

ವಿಡಿಯೋಗಳಿಗಿಂತ ನನ್ನನ್ನು ಹೆಚ್ಚು ಕಾಡಿದ್ದು ಅವುಗಳ ಕೆಳಗಿದ್ದ ಮಾತುಗಳು. ಆಕೆ ಇರುವುದು ಎಲ್ಲಿ ಎಂದು ಅಲ್ಲಿ ಕೆಲವರು ಲೆಕ್ಕ ಹಾಕುತ್ತಿದ್ದರು. ಒಂದು ವಿಡಿಯೋದ ಕಿಟಕಿಯಲ್ಲಿ ಕಂಡ ಕಟ್ಟಡದ ತುದಿ, ಇನ್ನೊಂದರಲ್ಲಿ ಬಿಸಿಲು ಬೀಳುವ ದಿಕ್ಕು, ಮತ್ತೊಂದರಲ್ಲಿ ಹೊರಗಿನಿಂದ ಕೇಳಿಬಂದ ಗಂಟೆಯ ಸದ್ದು, ಇವನ್ನೆಲ್ಲ ಯಾರೋ ಕುಳಿತು ಜೋಡಿಸಿದ್ದರು. ಬಿಡಿಬಿಡಿಯಾಗಿ ಇವಕ್ಕೆ ಅರ್ಥವಿಲ್ಲ. ಹಲವು ತಿಂಗಳ ವಿಡಿಯೋಗಳೆಲ್ಲ ಒಂದೇ ಪುಟದಲ್ಲಿ ಗುಡ್ಡೆಯಾಗಿ ಬಿದ್ದಾಗ ಅರ್ಥ ಹುಟ್ಟುತ್ತದೆ. ಚಂದಾದಾರರಿಗೆ ಇಳಿಸಿಕೊಳ್ಳಲು ಕೊಟ್ಟಿದ್ದ ಫೋಟೋಗಳನ್ನು ಕೂಡಲೇ ಪರೀಕ್ಷಿಸಿದೆ. ಫೋನಿನಲ್ಲಿ ತೆಗೆದ ಫೋಟೋದ ಕಡತದೊಳಗೆ ಎಕ್ಸಿಫ್ ಎಂಬ ಮಾಹಿತಿ ಅಡಗಿರುತ್ತದೆ, ಸ್ಥಳ ದಾಖಲಿಸುವ ಸೌಲಭ್ಯ ಚಾಲನೆಯಲ್ಲಿದ್ದರೆ ಅಕ್ಷಾಂಶ ರೇಖಾಂಶಗಳೂ ಅದರಲ್ಲಿ ಸೇರಿಕೊಳ್ಳುತ್ತವೆ. ಅದೃಷ್ಟಕ್ಕೆ ಆಕೆಯ ಫೋಟೋಗಳಲ್ಲಿ ಕ್ಯಾಮೆರಾದ ಮಾದರಿ ಮತ್ತು ದಿನಾಂಕದ ಹೊರತು ಬೇರೇನೂ ಇರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ದೂರು ಬರೆಯಲು ಕುಳಿತೆವು. ಕೃತಿಕಾರರ ಹಕ್ಕುಗಳನ್ನು ಕಾಯುವ ಬರ್ನ್ ಎಂಬ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ ಕೃತಿಸ್ವಾಮ್ಯಕ್ಕೆ ನೋಂದಣಿ ಬೇಕಿಲ್ಲ. ವಿಡಿಯೋ ಮಾಡಿದ ಕ್ಷಣದಿಂದಲೇ ಅದು ಆಕೆಯದು. ಅಮೆರಿಕದ 1998ರ ಡಿಜಿಟಲ್ ಮಿಲೆನಿಯಮ್ ಕಾಪಿರೈಟ್ ಕಾಯ್ದೆಯ ಪ್ರಕಾರ ನೋಟಿಸ್ ಕಳುಹಿಸುವ ಕ್ರಮವನ್ನು ಇಂದು ಹೊರದೇಶಗಳ ಅನೇಕ ಸಂಸ್ಥೆಗಳೂ ಅನುಸರಿಸುತ್ತವೆ. ಕೃತಿ ಯಾವುದು, ಕದ್ದ ಪ್ರತಿ ಎಲ್ಲಿದೆ ಎಂಬ ಅಂಕಣಗಳನ್ನು ಸರಸರನೆ ತುಂಬಿದ ಗೆಳತಿ, ಮುಂದಿನ ಅಂಕಣಕ್ಕೆ ಬಂದು ಕೈ ತೆಗೆದಳು. ಅಲ್ಲಿ ನಿಜವಾದ ಹೆಸರು, ಸಂಪರ್ಕದ ವಿಳಾಸ ಮತ್ತು ಸಹಿ ಬೇಕಿತ್ತು. ದೂರಿನ ಪ್ರತಿಯು ವಿಡಿಯೋ ಹಾಕಿದವರಿಗೂ ಹೋಗಬಹುದೆಂಬ ಎಚ್ಚರಿಕೆಯೂ ಅದೇ ಪುಟದಲ್ಲಿತ್ತು.

"ಇಷ್ಟು ದಿನ ಅವರು ಹುಡುಕಿದ್ದು ಇದನ್ನೇ ತಾನೆ? ನಾನೇ ಬರೆದು ಕೊಡಬೇಕಾ?" ಎಂದಳು.

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಸುಳ್ಳು ದೂರುಗಳನ್ನು ತಡೆಯಲು ದೂರುದಾರರ ಗುರುತು ಬೇಕೆಂಬುದು ನ್ಯಾಯವೇ. ಆದರೆ ಕದ್ದವನು ಅಡ್ಡಹೆಸರಿನಲ್ಲಿ ನೆಮ್ಮದಿಯಾಗಿರುವಾಗ ಕಳೆದುಕೊಂಡವಳು ಅವನಿಗೆ ತನ್ನ ಮನೆಯ ವಿಳಾಸ ತಲುಪಿಸಬೇಕಾದ ಏರ್ಪಾಡನ್ನು ಯೋಚಿಸಿ ಮಾಡಿದವರು, ಇಂಥವಳೊಬ್ಬಳು ಆ ಅಂಕಣದ ಮುಂದೆ ಕುಳಿತಿರುವುದನ್ನು ಕಲ್ಪಿಸಿಕೊಂಡಿರಲಾರರು. ಒಪ್ಪಿಗೆಯಿಲ್ಲದೆ ಹರಡಿದ ಖಾಸಗಿ ಚಿತ್ರಗಳಿಗಾಗಿ 2021ರಲ್ಲಿ ಆರಂಭವಾದ ಸ್ಟಾಪ್ ಎನ್‌ಸಿಐಐ ಎಂಬ ಸೇವೆಯಲ್ಲಿ ಚಿತ್ರವು ನೊಂದವರ ಸಾಧನವನ್ನು ಬಿಟ್ಟು ಹೋಗುವುದೇ ಇಲ್ಲ. ಅದರಿಂದ ತಯಾರಾದ ಹ್ಯಾಶ್ ಎಂಬ ಸಂಕೇತ ಮಾತ್ರ ಪಾಲ್ಗೊಂಡಿರುವ ಕಂಪನಿಗಳಿಗೆ ಹೋಗುತ್ತದೆ. ಹಾಗೆ ಮಾಡಲು ಸಾಧ್ಯವಿದೆಯೆಂದು ತಿಳಿದಮೇಲೆ ಈ ಅಂಕಣ ಇನ್ನಷ್ಟು ಒರಟಾಗಿ ಕಂಡಿತು. ನೃತ್ಯದ ವಿಡಿಯೋಗಳು ಆ ಸೇವೆಯ ವ್ಯಾಪ್ತಿಗೆ ಬರುವುದಿಲ್ಲ.

ಕಾಯ್ದೆಯ ಮಾತುಗಳನ್ನು ಮತ್ತೆ ಓದಿದಾಗ ದಾರಿ ಸಿಕ್ಕಿತು. ಹಕ್ಕುದಾರರೇ ಸಹಿ ಹಾಕಬೇಕೆಂದಿಲ್ಲ, ಅವರ ಪರವಾಗಿ ಅಧಿಕಾರ ಪಡೆದವರೂ ಹಾಕಬಹುದು. ಆಕೆ ನನಗೆ ಅಧಿಕಾರಪತ್ರ ಬರೆದುಕೊಟ್ಟಳು. ಹಕ್ಕುದಾರರ ಅಂಕಣದಲ್ಲಿ ಆಕೆಯ ವೃತ್ತಿನಾಮವನ್ನೂ ದೂರುದಾರರ ಅಂಕಣದಲ್ಲಿ ನನ್ನ ಹೆಸರನ್ನೂ ನನ್ನ ಕಚೇರಿಯ ವಿಳಾಸವನ್ನೂ ಹಾಕಿ, ತಾಣವನ್ನು ಇರಿಸಿಕೊಂಡಿದ್ದ ಹೋಸ್ಟಿಂಗ್ ಕಂಪನಿಗೂ ಸರ್ಚ್ ಎಂಜಿನ್‌ಗಳಿಗೂ ಪ್ರತ್ಯೇಕವಾಗಿ ಕಳುಹಿಸಿದೆವು. ಎರಡೂ ಬೇಕು, ಸರ್ಚ್ ಎಂಜಿನ್ ಅಳಿಸುವುದು ತನ್ನ ಫಲಿತಾಂಶವನ್ನಷ್ಟೇ, ಕಡತ ಇದ್ದಲ್ಲೇ ಇರುತ್ತದೆ. ಗೂಗಲ್ ತನಗೆ ಬಂದ ಇಂಥ ನೋಟಿಸ್‌ಗಳ ಪ್ರತಿಗಳನ್ನು ಲ್ಯೂಮೆನ್ ಎಂಬ ಸಾರ್ವಜನಿಕ ಸಂಗ್ರಹಕ್ಕೆ ಕೊಡುತ್ತದೆಂಬುದು ನಮಗೆ ಗೊತ್ತಿತ್ತು. ಸರ್ಚ್‌ನಿಂದ ಪುಟ ಹೋದರೂ ದೂರಿನ ದಾಖಲೆ ಉಳಿಯುತ್ತದೆ, ಆದ್ದರಿಂದ ಅದರಲ್ಲಿ ಯಾರ ಹೆಸರಿದೆ ಎಂಬುದು ಸಣ್ಣ ಸಂಗತಿಯಲ್ಲ.

ಪುಟ ಕೆಲವು ದಿನಗಳಲ್ಲಿ ಇಳಿಯಿತು. ಒಂದಿಷ್ಟು ವಿಡಿಯೋಗಳು ಬೇರೆಡೆ ತಲೆಯೆತ್ತಿದವು, ಅವಕ್ಕೂ ಅದೇ ಪತ್ರ ಹೋಯಿತು. ಗೆಳತಿ ಈಗ ಕಿಟಕಿಯಿಲ್ಲದ ಗೋಡೆಯ ಮುಂದೆ ಚಿತ್ರೀಕರಿಸುತ್ತಾಳೆ, ಹೊರಗಿನ ಸದ್ದನ್ನು ನಾನು ಸಂಕಲನದಲ್ಲಿ ತೆಗೆಯುತ್ತೇನೆ. ಹೆಸರಿಲ್ಲದ ವಿಳಾಸವೊಂದರಿಂದ ನನಗೆ ಬೈಗುಳದ ಮೇಲ್‌ಗಳು ಬಂದವು. ಅದರಲ್ಲಿ ನನ್ನನ್ನೇ ನರ್ತಕಿಯೆಂದು ತಿಳಿದು ಬರೆದಿದ್ದರು, ಹಾಗೆ ತಿಳಿದುಕೊಂಡದ್ದೇ ಒಳ್ಳೆಯದಾಯಿತು. ದೂರು ತಪ್ಪೆಂದು ವಾದಿಸುವವರಿಗೂ ಅದೇ ಕಾಯ್ದೆಯಲ್ಲಿ ಪ್ರತಿನೋಟಿಸಿನ ಅವಕಾಶವಿದೆ. ಅದು ಬಂದ ಮೇಲೆ ದೂರುದಾರರು ನ್ಯಾಯಾಲಯಕ್ಕೆ ಹೋಗದಿದ್ದರೆ 10ರಿಂದ 14 ಕೆಲಸದ ದಿನಗಳೊಳಗೆ ವಿಡಿಯೋ ಮತ್ತೆ ಮೇಲೇರುತ್ತದೆ. ಆದರೆ ಅದಕ್ಕೂ ನಿಜವಾದ ಹೆಸರು, ವಿಳಾಸ ಮತ್ತು ಸಹಿ ಬೇಕು. ಮೇಲ್‌ಗಳಲ್ಲಿ ಅಷ್ಟೆಲ್ಲ ಕೂಗಾಡಿದವರು ಆ ಅರ್ಜಿಯನ್ನು ಮಾತ್ರ ತುಂಬಲಿಲ್ಲ.