ಚುಕ್ಕಿ ರಂಗೋಲಿ ಟೈಲ್ಸ್: ಆರನೇ ಫೈರಿಂಗ್, ಕೊನೆಗೂ ಬಿರುಕಿಲ್ಲ

ಒಲೆ ಹಿಂದಿನ ಗೋಡೆಗೆ ಬೇಕಾದ 6 ಇಂಚಿನ 40 ಟೈಲ್ಸ್‌ನಲ್ಲಿ 12, ಭಟ್ಟಿಯ ಆರನೇ ಸುಡುವಿಕೆಯಲ್ಲಿ (ಫೈರಿಂಗ್) ಪಾಸು. ಜೇಡಿ ಲಟ್ಟಿಸೋದು, ಒಣಗಿಸೋದು, ಮೇಣ ಬೆರೆಸಿದ ಕಪ್ಪು ಗೆರೆಯನ್ನು ಮೆಹಂದಿ ಕೋನ್‌ನಲ್ಲಿ ಎಳೆಯೋದು ಎಲ್ಲರಿಗೂ ಗೊತ್ತಿರೋದೇ. ಈ ಸಲದ ಪುರಾಣ ಪೂರ್ತಿ ಕ್ರೇಜಿಂಗ್‌ದು, ಅಂದರೆ ಟೈಲ್ಸ್ ಮೇಲಿನ ಗಾಜಿನ ಲೇಪ (ಗ್ಲೇಜು) ಕೂದಲೆಳೆಯಷ್ಟು ಬಿರುಕು ಬಿಡೋದು.

ಶೋರೂಮಿನಲ್ಲಿ ಇದೇ ಕೂದಲೆಳೆ ಬಿರುಕು ‘ಕ್ರ್ಯಾಕಲ್ ಫಿನಿಶ್’ ಎಂಬ ಹೆಸರಲ್ಲಿ ದುಬಾರಿ ಮಾಲು. ಹಾಲ್‌ನ ಗೋಡೆಗೆ ಚೆಂದವೇ. ಒಗ್ಗರಣೆ ಸಿಡಿಯೋ ಜಾಗದಲ್ಲಿ ಮಾತ್ರ ಅರಿಶಿನ, ಎಣ್ಣೆ ಬಿರುಕಿಗಿಳಿದು, ಎಷ್ಟು ತಿಕ್ಕಿದರೂ ಹೋಗದ ಹಳದಿ ಬಲೆ ಕಟ್ಟುತ್ತೆ.

ಮೊದಲ ಸುಳಿವು ಸಿಕ್ಕಿದ್ದು ಶಾಯಿಯಿಂದ. ನೀರು ಬೆರೆಸಿದ ಪೆನ್ನಿನ ಶಾಯಿ ಬಳಿದು ಒರೆಸಿದರೆ ಬಿರುಕು ಕಾಣುತ್ತೆ. ಕಂಡಿದ್ದು ದಳಗಳ ನಟ್ಟನಡುವೆ ಮಾತ್ರ. ಮೇಣದ ಗೆರೆ ಗದ್ದೆ ಬದುವಿನ ಹಾಗೆ ಗ್ಲೇಜನ್ನು ತಡೆದು ನಿಲ್ಲಿಸುತ್ತೆ, ನಡುವೆ ಅದು ಒಂದೂವರೆ ಮಿಲಿಮೀಟರ್ ದಪ್ಪ. ದಪ್ಪ ಹೆಚ್ಚಿದಷ್ಟೂ ಬಿರುಕು ಬೇಗ. ಒಂದು ಮಿಲಿಮೀಟರ್‌ಗೆ ಇಳಿಸಿದಾಗ ಕಡಿಮೆಯಾಯಿತು, ನಿಲ್ಲಲಿಲ್ಲ.

ಮೂಲ ರೋಗ ಇದು: ಆರುವಾಗ ಗ್ಲೇಜು ಜೇಡಿಗಿಂತ ಹೆಚ್ಚು ಕುಗ್ಗುತ್ತೆ, ಬಿಗಿ ಅಂಗಿಯ ಹಾಗೆ ಹರಿಯುತ್ತೆ. ಸೀಸವಿಲ್ಲದ ಫ್ರಿಟ್ (ಕರಗಿಸಿ ಪುಡಿ ಮಾಡಿದ ಗಾಜು) 85, ಚೀನಾ ಕ್ಲೇ 15 ಇದ್ದ ಮಿಶ್ರಣಕ್ಕೆ ನೂರಕ್ಕೆ 5ರಂತೆ 200 ಮೆಶ್ ಜರಡಿಯಷ್ಟು ನಯದ ಸಿಲಿಕಾ (ಬೆಣಚುಕಲ್ಲಿನ ಪುಡಿ) ಸೇರಿಸಿದ್ದಾಯಿತು. ಸಿಲಿಕಾ ಎರಡು ನಾಲಗೆಯ ಸರಕು: ಗ್ಲೇಜಲ್ಲಿ ಕರಗಿ ಗಾಜಾದರೆ ಕುಗ್ಗುವುದನ್ನು ಇಳಿಸುತ್ತೆ, ಜೇಡಿಯಲ್ಲಿ ಹರಳಾಗೇ ಉಳಿದರೆ ಏರಿಸುತ್ತೆ. ಎಲ್ಲಿ ಹಾಕಿದರೂ ಬಿರುಕಿಗೆ ಶತ್ರುವೇ. 5ಕ್ಕೆ, ಕುದಿನೀರಿನಿಂದ ಐಸ್‌ನೀರಿಗೆ ಅದ್ದುವ ಪರೀಕ್ಷೆ ಗೆದ್ದಿತು. 10ಕ್ಕೆ 1020 ಡಿಗ್ರಿಯಲ್ಲಿ ಗ್ಲೇಜು ಸರಿಯಾಗಿ ಕರಗದೆ ಸೂಜಿರಂಧ್ರ ಬಿತ್ತು. (ನಡುವೆ ಫ್ರಿಟ್ ಕೊಡುವವರು ಅದೇ ಚೀಲ, ಅದೇ ಲೇಬಲ್, ಬೇರೆ ಮಾಲು ಕಳಿಸಿ ಒಂದು ಫೈರಿಂಗ್ ತಿಂದರು. ಕೇಳಿದರೆ “ಸೇಮ್ ಕ್ವಾಲಿಟಿ ಸಾರ್”. ಹೊಸ ಚೀಲ ಬಂದಾಗಲೆಲ್ಲ ಒಂದು ಚೂರು ಸುಟ್ಟು ನೋಡದೆ ಬಕೆಟ್ ಕಲಸಬೇಡಿ.)

ಗೆದ್ದೆವು ಅಂದುಕೊಂಡರೆ ಕುಕ್ಕರ್ ಮಾನ ಕಳೆಯಿತು. ರಂಧ್ರವಿರುವ ಜೇಡಿ ತೇವ ಹೀರಿ ತಿಂಗಳುಗಟ್ಟಲೆ ನಿಧಾನಕ್ಕೆ ಹಿಗ್ಗುತ್ತೆ, ಗೋಡೆಗೆ ಅಂಟಿಸಿದ ಮೇಲೆ ಗ್ಲೇಜು ಸೀಳುತ್ತೆ. ಅದನ್ನು ಮೊದಲೇ ಹಿಡಿಯೋಕೆ ಟೈಲ್ಸ್‌ನ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 10545-11ರ ಪರೀಕ್ಷೆಯಲ್ಲಿ 500 ಕಿಲೋಪಾಸ್ಕಲ್ ಹಬೆಯಲ್ಲಿ 2 ಗಂಟೆ ಇಡುತ್ತಾರೆ. ಮನೆ ಕುಕ್ಕರ್ ಒತ್ತಡ ಅದರ ಐದನೇ ಒಂದು ಪಾಲು, ಆದರೂ ಸುಳ್ಳು ಹೇಳಲ್ಲ. ಅಡುಗೆಗೆ ಬಳಸದ ಹಳೆ ಕುಕ್ಕರ್, ನೀರಿಗೆ ತಾಗದಂತೆ ಜಾಲರಿ, ಸಣ್ಣ ಉರಿಯಲ್ಲಿ 40 ನಿಮಿಷದಂತೆ ಮೂರು ಸಲ. ಪ್ರತಿ ಸಲವೂ ನೀರು ನೋಡಿ. ವೆಯ್ಟ್ ಎತ್ತಬೇಡಿ, ತಾನಾಗೇ ಆರಲಿ. ಇಲ್ಲದಿದ್ದರೆ ಹಬೆಯಿಂದ ಬಿರುಕೋ, ದಿಢೀರ್ ತಣಿದು ಬಿರುಕೋ ತಿಳಿಯಲ್ಲ.

ಹಾಗಾಗಿ ಗ್ಲೇಜು ಬಿಟ್ಟು, ತೇವಕ್ಕೆ ಹಿಗ್ಗುವ ಜೇಡಿಗೇ ಕೈ ಹಾಕಬೇಕಾಯಿತು. ತುಮಕೂರು ಕಡೆಯ ಕೆರೆಯ ಕೆಂಪು ಜೇಡಿ 80 ಮೆಶ್‌ನಲ್ಲಿ ಸೋಸಿ, ಒಣ ತೂಕದ ನೂರಕ್ಕೆ 10 ಟಾಲ್ಕ್, ಅಂದರೆ ಬಳಪದ ಕಲ್ಲಿನ ಪುಡಿ. (ಬೇಲೂರಿನ ಚೆನ್ನಕೇಶವ ಗುಡಿ ಕೆತ್ತಿದ್ದೂ ಬಳಪದ ಕಲ್ಲಿನಲ್ಲೇ, ಅದರ ಜಾಲಂಧ್ರ (ಕಲ್ಲಿನ ಜಾಲರಿ ಕಿಟಕಿ) ನೋಡಿದ ಮೇಲೆ ಜಾಲಿ ಟೈಲ್ಸ್ ಆಸೆ ಹುಟ್ಟಿದೆ. 18 ಮಿಲಿಮೀಟರ್ ದಪ್ಪ, ಕೊರೆಯೋದು ಜೇಡಿ ಚರ್ಮದಷ್ಟು ಗಟ್ಟಿಯಾದಾಗ. ಮುಂದಿನ ಮಳೆಗಾಲ ಕಳೆಯಲಿ.) ಟಾಲ್ಕ್ ಕಲಸುವಾಗ ಮಾಸ್ಕ್ ಕಡ್ಡಾಯ. ಬಿಸ್ಕ್, ಅಂದರೆ ಗ್ಲೇಜಿಗೆ ಮುಂಚಿನ ಮೊದಲ ಸುಡುವಿಕೆ, 980 ಡಿಗ್ರಿಯಿಂದ 1060ಕ್ಕೆ ಏರಿತು. ಹಾಗೆ ಸುಟ್ಟ ಟೈಲು ಈಗ ನೀರು ಕಡಿಮೆ ಹೀರುವುದರಿಂದ ಗ್ಲೇಜನ್ನೂ ಸ್ವಲ್ಪ ಗಟ್ಟಿ ಮಾಡಬೇಕು, ಇಲ್ಲದಿದ್ದರೆ ಗೆರೆ ದಾಟಿ ಹರಿಯುತ್ತೆ.

ಗ್ಲೇಜಲ್ಲಿ ಸಿಲಿಕಾ 5ಕ್ಕೇ ನಿಂತಿತು. ಮೂರೂ ಸಲ ಕುಕ್ಕರ್ ಏರಿಳಿದ ಮೇಲೆ ಶಾಯಿ ಬಳಿದರೆ ಒಂದು ಗೆರೆಯೂ ಇಲ್ಲ.

ಒಂದೇ ಕಿರಿಕಿರಿ: ಟಾಲ್ಕ್ ಸೇರಿದ ಜೇಡಿ ಕಡಿಮೆ ಕುಗ್ಗಿ, ಹಳೆ ಅಚ್ಚಿನ ಟೈಲ್ಸ್ 2 ಮಿಲಿಮೀಟರ್ ದೊಡ್ಡದಾಗಿವೆ. ಈ 12ನ್ನು ಮೇಲಿನ ಸಾಲಿಗೆ ಹಾಕಿ ಗ್ರೌಟ್ ಸಂದು ಕಿರಿದು ಮಾಡೋದು. ಉಳಿದ 28ಕ್ಕೆ ಹೊಸ ಅಚ್ಚು.