ಧೈರ್ಯ ಹೇಳೋಕೆ ಮುಂಚೆ ಬೆನ್ನು ನೋಡಬೇಕಿತ್ತು

ನಮ್ಮ ಕಡೆ ಭತ್ತದ ಚೀಲ ಅಂದ್ರೆ 75 ಕೆಜಿ. ಕಾರಟಗಿ ಹತ್ತಿರದ ಒಂದು ರೈಸ್ ಮಿಲ್ಲಿನಲ್ಲಿ ನಾನು ಹಮಾಲಿ ಮಾಡುತ್ತಿದ್ದೆ. 11 ವರ್ಷದ ಹಿಂದೆ ಚೀಲದ ನಿಟ್ಟಿನ ಮೇಲಿಂದ ಬಿದ್ದೆ. ಬೆನ್ನುಹುರಿಗೆ ಪೆಟ್ಟಾಯಿತು, ಸೊಂಟದ ಕೆಳಗೆ ಸ್ಪರ್ಶವೇ ಹೋಯಿತು. ಎರಡು ವರ್ಷ ಮಂಚ ಬಿಡಲಿಲ್ಲ.

ಆಗ ಮನೆಗೆ ಬಂದವರೆಲ್ಲ ಒಂದು ಡಜನ್ ಬಾಳೆಹಣ್ಣು ಇಟ್ಟು, "ಧೈರ್ಯ ತಗೋ ತಮ್ಮ" ಅಂತ ಹೇಳಿ ಹೋಗುತ್ತಿದ್ದರು. ಧೈರ್ಯ ತಗೊಂಡು ಏನು ಮಾಡಬೇಕು ಅಂತ ಯಾರೂ ಹೇಳಲಿಲ್ಲ. ಆ ಮಾತು ಕೇಳಿದರೆ ಸಿಟ್ಟು ಬರುತ್ತಿತ್ತು. ಬಾಳೆಹಣ್ಣು ಕಂಡರೂ ಅಷ್ಟೇ.

ಈಗ ನಾನು ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ. ವಿಆರ್‌ಡಬ್ಲ್ಯೂ ಅಂತಾರೆ. ಅಂಗವಿಕಲರೇ ಮಾಡುವ ಕೆಲಸ ಇದು. ಸಂಬಳ ಅನ್ನೋ ಹಾಗಿಲ್ಲ, ಗೌರವಧನ. ಅಂಗವಿಕಲರ ಗುರುತಿನ ಚೀಟಿ, ಅಂದ್ರೆ ಯುಡಿಐಡಿ ಕಾರ್ಡ್ ಮಾಡಿಸಬೇಕು, ಪಿಂಚಣಿ ಅರ್ಜಿ ಹಾಕಿಸಬೇಕು. ಪಂಚಾಯಿತಿ ಹಣದಲ್ಲಿ ಅಂಗವಿಕಲರಿಗೆ ಅಂತ ತೆಗೆದಿಟ್ಟ 5% ಎಲ್ಲಿ ಹೋಯಿತು ಅಂತ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಬೆನ್ನು ಹತ್ತಬೇಕು. ಎಲ್ಲಕ್ಕಿಂತ ಕಷ್ಟ ಈ ಕೊನೆಯದು.

ಸೇರಿದ ಹೊಸತರಲ್ಲಿ ಒಬ್ಬ ಹುಡುಗನ ಮನೆಗೆ ಹೋದೆ. ಟ್ರ್ಯಾಕ್ಟರ್ ಪಲ್ಟಿಯಾಗಿ ಅವನಿಗೂ ನನ್ನ ಹಾಗೇ ಆಗಿತ್ತು. ಅಂಗಾತ ಮಲಗಿದ್ದ. ನಾನು ಮೂರು ಚಕ್ರದ ಸ್ಕೂಟರ್ ಬಾಗಿಲಿಗೆ ನಿಲ್ಲಿಸಿ, ಗಾಲಿಕುರ್ಚಿಯಲ್ಲಿ ಒಳಗೆ ಹೋಗಿ, ಒಂದು ತಾಸು ಮಾತಾಡಿದೆ. "ನನ್ನ ನೋಡು, ನಾನು ಎದ್ದು ಬಂದಿಲ್ವಾ?" ಅಂದೆ. ಅವನು "ಹೌದ್ರಿ ಅಣ್ಣ, ಹೌದ್ರಿ ಅಣ್ಣ" ಅಂದ. ಬಹಳ ಚೆನ್ನಾಗಿ ಮಾತಾಡಿದೆ ಅಂತ ಖುಷಿಯಲ್ಲೇ ಮನೆಗೆ ಬಂದೆ.

ಹದಿನೈದು ದಿನಕ್ಕೆ ಅವನನ್ನು ಆಸ್ಪತ್ರೆಗೆ ಸೇರಿಸಿದರು. ಬೆನ್ನಿನ ಕೆಳಗೆ ಅಂಗೈ ಅಗಲದ ಹುಣ್ಣು, ಎಲುಬು ಕಾಣುತ್ತಿತ್ತು. ಅವನ ಅವ್ವ ಹೇಳಿದಳು: "ಯಪ್ಪಾ, ಅವತ್ತು ನೀ ಬಂದಾಗ್ಲೂ ವಾಸನಿ ಇತ್ತು. ನೀ ಕೇಳ್ಲಿಲ್ಲ, ನಾ ಹೇಳ್ಲಿಲ್ಲ."

ವಾಸನೆ ನನಗೂ ಬಂದಿತ್ತು. ಪಕ್ಕದಲ್ಲಿ ದನದ ಕೊಟ್ಟಿಗೆ ಇತ್ತು, ಅದರದ್ದೇ ಅಂದುಕೊಂಡಿದ್ದೆ.

ನಮ್ಮಂಥವರ ಹುಣ್ಣು ನೋಯುವುದಿಲ್ಲ, ಕಷ್ಟ ಇರೋದೇ ಅಲ್ಲಿ. ಬೇರೆಯವರು ನಿದ್ದೆಯಲ್ಲೂ ಮಗ್ಗಲು ಬದಲಿಸುತ್ತಾರೆ. ನಮಗೆ ಒತ್ತಿದ್ದು ಗೊತ್ತಾಗಲ್ಲ. ಎಲುಬಿನ ಕೆಳಗೆ ರಕ್ತ ಓಡದೆ ಚರ್ಮ ಸಾಯುತ್ತದೆ. ಮಲಗಿದವರನ್ನು ಎರಡು ತಾಸಿಗೊಮ್ಮೆ ಹೊರಳಿಸಬೇಕು. ಕೂತವರು ಕಾಲು ತಾಸು, ಅರ್ಧ ತಾಸಿಗೊಮ್ಮೆ ಕೈಯೂರಿ ಮೈ ಎತ್ತಬೇಕು. ಆ ಮನೆಯವರು ಪಾಪ, ಒಳ್ಳೇದಾಗಲಿ ಅಂತಲೇ ಸ್ಕೂಟರ್ ಟ್ಯೂಬಿಗೆ ಗಾಳಿ ಹಾಕಿ ಕೆಳಗೆ ಇಟ್ಟಿದ್ದರು. ಅದು ಸುತ್ತಲೂ ಒತ್ತಿ ನಡುವಿನ ಚರ್ಮಕ್ಕೆ ರಕ್ತ ಬರೋದನ್ನು ಇನ್ನೂ ಕಮ್ಮಿ ಮಾಡುತ್ತದೆ. ಉಚ್ಚೆಯ ರಗಳೆ ಬೇಡ ಅಂತ ನೀರನ್ನೂ ಕಮ್ಮಿ ಕುಡಿಸುತ್ತಿದ್ದರು. ಇದು ಎಷ್ಟೋ ಮನೆಯಲ್ಲಿ ನಡೆಯೋದೇ. ಆಮೇಲೆ ಸೋಂಕು, ಜ್ವರ, ಕಿಡ್ನಿಗೆ ತೊಂದರೆ.

ಇದೆಲ್ಲ ನನಗೆ ಗೊತ್ತಿತ್ತು. ಮೈಮೇಲೆ ಕಲಿತದ್ದಲ್ವಾ? ಆದರೂ ಅವತ್ತು ಬಾಳೆಹಣ್ಣು ತಂದವರ ಸಾಲಿನಲ್ಲೇ ನಾನೂ ನಿಂತೆ.

ಈಗ ಹೊಸ ಮನೆಗೆ ಹೋದರೆ ಭಾಷಣ ಇಲ್ಲ. "ಸ್ವಲ್ಪ ಹೊರಳಿಸ್ರಿ" ಅಂತೀನಿ. ಬೆನ್ನು, ಕುಂಡಿ, ಹಿಮ್ಮಡಿ ನೋಡ್ತೀನಿ. ಚರ್ಮ ಕೆಂಪಗೋ ಕಪ್ಪಗೋ ಇದೆಯಾ, ಒತ್ತಡ ತೆಗೆದ ಮೇಲೂ ಹಾಗೇ ಉಳಿಯುತ್ತಾ ಅಂತ ನೋಡ್ತೀನಿ. ಉಚ್ಚೆ ಹೆಂಗೆ ಹೋಗುತ್ತೆ, ದಿನಕ್ಕೆ ಎಷ್ಟು ನೀರು ಅಂತ ಕೇಳ್ತೀನಿ. ಚೀಲದಲ್ಲಿ ಒಂದು ಕೈಗನ್ನಡಿ ಇರುತ್ತದೆ, ಅವರ ಬೆನ್ನು ಅವರಿಗೇ ತೋರಿಸೋಕೆ. ಬೇಸಿಗೆಯಲ್ಲಿ ಇನ್ನೊಂದು ಮಾತು ಸೇರಿಸ್ತೀನಿ: ಬಿಸಿಲಲ್ಲಿ ನಿಂತ ಗಾಡಿಯ ರೆಕ್ಸಿನ್ ಸೀಟ್ ಕೈಯಿಂದ ಮುಟ್ಟಿ ನೋಡದೆ ಕೂರಬೇಡಿ. ನನ್ನ ತೊಡೆ ಸುಟ್ಟದ್ದು ಸಂಜೆ ಲುಂಗಿ ಬದಲಿಸುವಾಗ ಗೊತ್ತಾಗಿತ್ತು.

ಆ ಹುಡುಗನ ಹುಣ್ಣು ಮಾಯಲು ಏಳು ತಿಂಗಳು ಹಿಡಿಯಿತು. 5% ಹಣದಲ್ಲಿ, ಒತ್ತಡ ಒಂದೇ ಕಡೆ ಬೀಳದ ಏರ್ ಬೆಡ್ ಕೊಡಿಸಲು ನಾಲ್ಕು ಸಲ ಅರ್ಜಿ ಬರೆದೆ. ರಾತ್ರಿ ಎರಡು ತಾಸಿಗೊಮ್ಮೆ ಅವನ ಮೊಬೈಲ್ ಅಲಾರಾಂ ಹೊಡೆದು ಇಡೀ ಮನೆ ಏಳುತ್ತಿತ್ತು. "ಕೋಳಿಗಿಂತ ಕಡಿ ಆತು ಇದು" ಅಂತ ಅವ್ವ ಬೈಯುತ್ತಿದ್ದಳು. ಬೈಯುತ್ತಲೇ ಹೊರಳಿಸುತ್ತಿದ್ದಳು.

ಹೋದ ತಿಂಗಳು ಅವನದೇ ಫೋನ್ ಬಂತು. "ಅಣ್ಣ, ಬಾಜೂ ಊರಾಗ ಒಬ್ಬಾವ ಲಾರಿಯಿಂದ ಬಿದ್ದಾನಂತ. ಟ್ಯೂಬ್ ಹಾಕಿ ಮಲಗಿಸ್ಯಾರಂತ. ನೀ ಮಾತಾಡ್ತಿಯೋ, ನಾ ಮಾತಾಡ್ಲೋ?"

"ನೀನ ಮಾತಾಡು" ಅಂದೆ.

ಅರ್ಧ ತಾಸು ಬಿಟ್ಟು ಏನಾಯಿತು ಕೇಳೋಣ ಅಂತ ಫೋನ್ ಮಾಡಿದರೆ ಬ್ಯುಸಿ ಬರುತ್ತಿತ್ತು.